ನಮ್ಮ ಯಜಮಾನರ ಆಲ್ಬಮ್ಮೂ ನಡುವೆ ಎದ್ದುಹೋದವರೂ

ಒಂದು ಕೆಲಸವನ್ನು ಗಂಭೀರವಾಗಿ ಮಾಡಬೇಕೆಂದು ನಮ್ಮ ಮನೆಯಲ್ಲಿ ಯಾರಾದರೂ ಸಂಕಲ್ಪಿಸಿದ ದಿನವೇ, ನಗೆಯೂ ಹೊಸಿಲು ದಾಟಿ ಒಳಗೆ ಬಂದು ಕೂರುತ್ತದೆ.

ನಮ್ಮ ಯಜಮಾನರು ನ್ಯಾಮತಿಯಲ್ಲಿ ಪಂಪ್‌ಸೆಟ್ಟಿನ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಾರೆ, ಗಿಟಾರನ್ನೂ ನುಡಿಸುತ್ತಾರೆ. ಹೊನ್ನಾಳಿಯ ಒಂದು ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ಪರರ ಹಾಡುಗಳನ್ನೇ ನುಡಿಸಿದರು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದಕ್ಕೆ ಚೀಟಿ ಬರುತ್ತಿತ್ತಂತೆ. ಆರ್ಕೆಸ್ಟ್ರಾ ಮುಚ್ಚಿದ ಮೇಲೆ, ತಾವೊಬ್ಬರೇ ತಮ್ಮದೇ ಆದ ಒಂದು ಆಲ್ಬಮ್ ಮಾಡುವುದೆಂದು ನಿಶ್ಚಯಿಸಿದರು. ಅದು ಪ್ರೊಗ್ರೆಸಿವ್ ರಾಕ್ ಎಂಬ ಬಗೆಯ ಸಂಗೀತ. ಅದರಲ್ಲಿ ಒಂದೇ ಹಾಡು ಅರ್ಧ ಗಂಟೆ ನಡೆಯಬಹುದು. ತಾಳದ ಎಣಿಕೆ ಒಮ್ಮೆ ಏಳು, ಒಮ್ಮೆ ಹನ್ನೊಂದು. ಹಾಡುವವರು ಇರಲೇಬೇಕೆಂಬ ನಿಯಮವಿಲ್ಲ.

ಅವರ ಆಸೆ ಒಂದೇ ಆಗಿತ್ತು. "ಯಾರಾದ್ರೂ ಒಬ್ರು, ನಡುವೆ ಎದ್ದು ಹೋಗದಂಗೆ, ಕೊನೆತನಕ ಕೇಳಬೇಕು ಕಣೆ."

ಅರ್ಧ ಗಂಟೆಯ ಆ ದೊಡ್ಡ ಹಾಡನ್ನು ಕೇಳಲು ನಾನು ಮೂರು ಸಲ ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಒಮ್ಮೆ ಹಾಲು ಉಕ್ಕಿತು, ಒಮ್ಮೆ ನಲ್ಲಿಯಲ್ಲಿ ನೀರು ಬಂತು. ಮೂರನೆಯ ಸಲ ನಿದ್ದೆ ಬಂತು.

ಗೋವಿನಕೋವಿಯ ಗಿರಾಕಿ

ಗೋವಿನಕೋವಿಯ ರೈತರೊಬ್ಬರು ತಮ್ಮ ಮೋಟರನ್ನು ಒಯ್ಯಲು ಬಂದು ಮನೆಗೆ ಅಂಟಿಕೊಂಡಿರುವ ನಮ್ಮ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು. ಯಜಮಾನರು ಒಳಕೋಣೆಯಲ್ಲಿ ಆ ದೊಡ್ಡ ಹಾಡನ್ನು ಹಾಕಿ, ಬಾಗಿಲ ಸಂದಿನಿಂದ ಇಣುಕಿ ನೋಡಿದರು. ರೈತರು ಕಣ್ಣು ಮುಚ್ಚಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಿದ್ದರು.

"ನೋಡೇ, ಹೆಂಗೆ ಮೈಮರೆತು ಕುಂತಾರೆ!" ಎಂದು ನನ್ನನ್ನು ಕರೆದು ತೋರಿಸಿದರು.

ಹದಿನೈದನೆಯ ನಿಮಿಷದಲ್ಲಿ ರೈತರು ನಿಟ್ಟುಸಿರು ಬಿಟ್ಟು ಎದ್ದರು. ಯಜಮಾನರು ಓಡಿಹೋಗಿ, "ಹೆಂಗೈತ್ರಿ ಅಣ್ಣಾರೆ?" ಎಂದರು.

"ಬೇರಿಂಗ್ ಹೋಗೈತೆ ಬಿಡ್ರಿ. ಈ ಸದ್ದು ನಾ ಬಲ್ಲೆ. ಹೊಸದು ಹಾಕಿಡ್ರಿ, ನಾಳಿಕ್ಕೆ ಬರ್ತೀನಿ."

ಮೆಕ್ಕೆಜೋಳದ ಗೋಡೆ

ಅಲ್ಲಿಯವರೆಗೆ ಕೇಳಿಸಿದ್ದು ಫೋನಿನಲ್ಲಿ ಹಿಡಿದ ಕರಡು. ಆಲ್ಬಮ್ಮಿಗೆಂದು ರೆಕಾರ್ಡಿಂಗ್ ಮಾಡುವ ಕೋಣೆಗೆ ಹೊರಗಿನ ಸದ್ದು ಬರಬಾರದು, ಒಳಗಿನ ಸದ್ದು ಮಾರ್ದನಿಸಬಾರದು. ಅತ್ತೆಯವರು ನಲವತ್ತು ಚೀಲ ಮೆಕ್ಕೆಜೋಳವನ್ನು ಮಾರದೆ ಇಟ್ಟುಕೊಂಡಿದ್ದರು. ಯಜಮಾನರು ಅವನ್ನು ಕೋಣೆಯ ನಾಲ್ಕೂ ಗೋಡೆಗಳಿಗೆ ಒಟ್ಟಿ, ಹಾಡಿನ ಮೊದಲರ್ಧವನ್ನು ನುಡಿಸಿದರು. ಸದ್ದು ಹತ್ತಿಯಷ್ಟು ಮೆತ್ತಗೆ ಬಂತು. ಅವರು ಗಿಟಾರಿನ ತಂತಿ ತರಲು ಶಿವಮೊಗ್ಗಕ್ಕೆ ಹೋದ ದಿನ ಅತ್ತೆಯವರು ವ್ಯಾಪಾರಿಯನ್ನು ಕರೆಸಿ, ನಾಲ್ಕೂ ಗೋಡೆಗಳನ್ನು ತೂಗಿಸಿ ಕಳುಹಿಸಿಬಿಟ್ಟರು.

ಉಳಿದರ್ಧವನ್ನು ಬರಿಗೋಣೆಯಲ್ಲಿಯೇ ನುಡಿಸಬೇಕಾಯಿತು. ಬಾವಿಯೊಳಗೆ ಕುಳಿತು ನುಡಿಸಿದಂತೆ ಕೇಳಿಸಿತು. ಯಜಮಾನರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ದಿನ, ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಿದ್ದ ಅವರ ಗೆಳೆಯರು ಹೊನ್ನಾಳಿಯಿಂದ ಬಂದು ಅದನ್ನು ಕೇಳಿ ಕುಣಿದಾಡಿದರು. "ಅಬ್ಬಬ್ಬಾ! ಅರ್ಧದ ಮೇಲೆ ಆಕಾಶನೇ ಬಾಯಿ ಬಿಟ್ಟಂಗೈತಲ್ಲೋ! ಇಲ್ಲಿ ಏನು ಹಾಕೀಯೋ ಮಾರಾಯ?"

ಅತ್ತೆಯವರು ಒಳಗಿನಿಂದಲೇ ಉತ್ತರಿಸಿದರು: "ಹಾಕಿದ್ದಲ್ಲಪ್ಪ, ತೆಗೆದಿದ್ದು. ನಲವತ್ತು ಚೀಲ."

ರೊಟ್ಟಿ ಮತ್ತು ಮೈಕು

ಒಂದು ದಿನ ಗಿಟಾರಿನ ಹಿಂದೆ ನಾನು ರೊಟ್ಟಿ ತಟ್ಟುವ ಸದ್ದೂ ಸೇರಿಕೊಂಡಿತು. ನಾನು ಕ್ಷಮೆ ಕೇಳುವಷ್ಟರಲ್ಲಿ ಯಜಮಾನರೇ ಅಡುಗೆಮನೆಗೆ ಓಡಿಬಂದರು. "ಏಳು ತಟ್ಟಿಗೊಂದು ತಿರುವು ಹಾಕ್ತೀಯಲ್ಲೇ! ಹಿಂಗೆ ತಟ್ಟಾಕೆ ನಿಂಗೆ ಯಾರು ಕಲಿಸಿದ್ರು?"

"ನಮ್ಮವ್ವ," ಎಂದೆ.

ಅವರು ಮೈಕನ್ನು ತಂದು ಒಲೆಯ ಮುಂದೆ ನಿಲ್ಲಿಸಿ ಹೋದರು. ಅದು ನನ್ನನ್ನೇ ನೋಡುತ್ತಿತ್ತು. ನನ್ನ ಕೈ ಏಳಲೇ ಇಲ್ಲ. ಮೂರು ರೊಟ್ಟಿಗಳು ಹರಿದವು. ಕೊನೆಗೆ ಮೈಕಿನ ಮುಖವನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿದೆ; ಆಮೇಲೆ ಹನ್ನೆರಡು ರೊಟ್ಟಿಗಳು ಹೂವಿನಂತೆ ಬಂದವು.

ಸಂಜೆ ಕೇಳಿದರೆ ನನ್ನ ರೊಟ್ಟಿ ಎಲ್ಲೋ ಪಕ್ಕದ ಮನೆಯಲ್ಲಿ ಇದ್ದಂತಿತ್ತು. ಸ್ಪಷ್ಟವಾಗಿ ಬಂದದ್ದು ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ ಸದ್ದು ಮಾತ್ರ. ಯಜಮಾನರು ತಲೆಯ ಮೇಲೆ ಕೈ ಹೊತ್ತರು. ಅತ್ತೆಯವರು ಮಾತ್ರ ಕೈಮುಗಿದರು. "ಹಲ್ಲಿ ನುಡಿದೈತೆ, ಶುಭ. ಅದನ್ನ ತೆಗೀಬ್ಯಾಡ."

ತೆಗೆಯಲಿಲ್ಲ. ಆಲ್ಬಮ್ಮಿನಲ್ಲಿ ಕೇಳಿಬರುವ ಒಂದೇ ಒಂದು ಕಂಠ ಅದರದು.

ಚನ್ನಗಿರಿಯಲ್ಲಿ ಬಿಡುಗಡೆ

ಡ್ರಮ್ಮಿನ ಗೆಳೆಯರು ಚನ್ನಗಿರಿಯಲ್ಲಿ ಒಂದು ಸಣ್ಣ ಸಭಾಂಗಣವನ್ನು ಗೊತ್ತುಮಾಡಿ, ನಲವತ್ತು ಜನರನ್ನು ಕೂಡಿಸಿದರು. ಅಧ್ಯಕ್ಷರಾಗಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಬಂದಿದ್ದರು. ಯಜಮಾನರು ದೊಡ್ಡ ಹಾಡನ್ನು ಹಾಕಿ, ಬೆವರುತ್ತ ಮೂಲೆಯಲ್ಲಿ ನಿಂತರು.

ಆ ಹಾಡಿನ ನಟ್ಟನಡುವೆ ಒಂದು ನಿಮಿಷದ ಮೌನವಿದೆ. "ಅದೇ ಹಾಡಿನ ಜೀವ" ಎಂದು ಯಜಮಾನರು ಹೇಳುತ್ತಿದ್ದರು. ಸಭೆಗೆ ಮಾತ್ರ ಹೇಳಿರಲಿಲ್ಲ. ಮೌನ ಬಂದದ್ದೇ ತಡ, ಚಪ್ಪಾಳೆ ಬಿತ್ತು. ಮಂಡಕ್ಕಿ, ಮಿರ್ಚಿಯ ತಟ್ಟೆಗಳು ಹರಿದಾಡತೊಡಗಿದವು. ಹೆಡ್‌ಮಾಸ್ತರರು ಮೈಕು ಹಿಡಿದು, "ಇಷ್ಟು ಅಚ್ಚುಕಟ್ಟಾಗಿ ಮುಗಿಸಿದ್ದಕ್ಕೆ..." ಎನ್ನುವಷ್ಟರಲ್ಲಿ ಗಿಟಾರ್ ಸಿಡಿಲಿನಂತೆ ಮತ್ತೆ ಶುರುವಾಯಿತು. ಅವರು ಮೈಕನ್ನು ಹಿಡಿದುಕೊಂಡೇ ದೊಪ್ಪನೆ ಕುಳಿತರು. ಮಿರ್ಚಿ ಕಚ್ಚಿದವರು ಅಗಿಯುವುದನ್ನೇ ನಿಲ್ಲಿಸಿದರು.

ಉಳಿದರ್ಧವೂ ಮುಗಿಯಿತು. ಈ ಸಲ ನಿಜವಾಗಿಯೂ ಮುಗಿಯಿತು.

ಒಬ್ಬರೂ ಕದಲಲಿಲ್ಲ. ಹಿಂದಿನ ಸಾಲಿನಲ್ಲಿ ಏಳಲು ಹೋದವರೊಬ್ಬರ ಅಂಗಿಯನ್ನು ಪಕ್ಕದವರು ಹಿಡಿದೆಳೆದರು. "ಕುಂತ್ಕಳಲೇ, ಇನ್ನೂ ಐತೆ! ಒಂದ್ಸಲ ಮಾನ ಹೋಗಿದ್ದು ಸಾಲದಾ?"

ಹತ್ತು ನಿಮಿಷ ಕಳೆಯಿತು. ಯಜಮಾನರು ಕಣ್ಣೊರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳಿದರು: "ಕೊನೆತನಕ ಕೇಳಿದ್ರು ಕಣೇ! ಎದ್ದೇಳಾಕೂ ಮನಸ್ಸು ಬರ್ತಿಲ್ಲ ನೋಡು ಅವ್ರಿಗೆ."

ಮಿರ್ಚಿ ಆರುತ್ತಿತ್ತು. ಹೆಂಗಸರು ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರವನ್ನು ನೋಡುತ್ತಿದ್ದರು. ನಾಲ್ಕು ಜನರ ಮುಂದೆ ಎಂದೂ ಬಾಯಿ ತೆರೆಯದ ನಾನು ಸೆರಗು ಹೊದ್ದು ಹೆಡ್‌ಮಾಸ್ತರರ ಬಳಿಗೆ ಹೋಗಿ, ಬಾಗಿ ಪಿಸುಗುಟ್ಟಿದೆ: "ಮುಗೀತ್ರೀ ಸಾರ್."

ಅವರ ಕೈಯಲ್ಲಿದ್ದ ಮೈಕು ಇನ್ನೂ ಆನ್ ಆಗಿಯೇ ಇತ್ತು. ನನ್ನ ಪಿಸುಮಾತು ಇಡೀ ಸಭಾಂಗಣದಲ್ಲಿ ಮೊಳಗಿತು. ಅವರ ಪಿಸುಮಾತೂ ಮೊಳಗಿತು.

"ಗ್ಯಾರಂಟೀನಾ ತಾಯಿ?"

ನಲವತ್ತು ಮುಖಗಳು ಒಟ್ಟಿಗೆ ಯಜಮಾನರ ಕಡೆಗೆ ತಿರುಗಿದವು. ಯಜಮಾನರು ಮೂಲೆಯಿಂದ ಮುಂದೆ ಬಂದರು. ಎರಡೂ ಕೈಯೆತ್ತಿ, "ಅಷ್ಟು ಆಸೆ ಇದ್ರೆ ಇನ್ನೊಂದ್ಸಲ ಹಾಕ್ತೀನ್ರಿ!" ಎಂದರು.

ಮಿರ್ಚಿ ಹಿಡಿದವರು ತಟ್ಟೆ ಸಮೇತ ಓಡಿದರು. ಹೆಡ್‌ಮಾಸ್ತರರು, ಮೈಕಿನ ಸಮೇತ.