ಚೆನ್ನೆಮಣೆಯ ಮೇಲೆ ಹದಿನಾಲ್ಕು ಬಸ್ಸು

ಚಿತ್ತರಂಜನ ಶೆಟ್ಟರ ಬಲಮೊಣಕಾಲು ಅಲುಗಿದರೆ ಬಂದರಿನಲ್ಲಿ ಕಟ್ಟಿದ ಮಂಜಿ ಹಡಗುಗಳೂ ಅಲುಗುತ್ತಿದ್ದವು ಎಂದು ಹಳಬರು ಇಂದಿಗೂ ಹೇಳುತ್ತಾರೆ. ಹೇಳುವವರೆಲ್ಲ ಬಸ್ ಡ್ರೈವರುಗಳು. ಅವರ ಮಾತಿನಲ್ಲಿ ಅರ್ಧ ಕಳೆದರೂ ನಷ್ಟವಿಲ್ಲ, ಉಳಿದರ್ಧವೇ ಸಾಕು. ಶೆಟ್ಟರು ಮೇಜಿನಡಿಯಲ್ಲಿ ಕಾಲು ಕುಣಿಸತೊಡಗಿದರೆ ಮೇಲಿದ್ದ ಚಾ ಗ್ಲಾಸು ತಾನೇ ನಡೆದುಕೊಂಡು ಅಂಚಿಗೆ ಬರುತ್ತಿತ್ತು. ಟಯರ್ ಕಂಪೆನಿಯ ಕ್ಯಾಲೆಂಡರು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು. ಐವತ್ತೆಂಟರ ಮಳೆಗಾಲದಲ್ಲಿ ಆಫೀಸಿನ ಮಾಡು ಸೋರಿದ್ದು ಮಳೆಯಿಂದಲ್ಲ, ಹಂಚು ಸರಿಸಿದ ಆ ಮೊಣಕಾಲಿನಿಂದ ಎಂದು ಧಣಿಗಳೇ ತೀರ್ಪು ಕೊಟ್ಟಿದ್ದರು!

ಕಾಲು ಸುಮ್ಮನೆ ಕುಣಿಯುತ್ತಿರಲಿಲ್ಲ. ಹಂಪನಕಟ್ಟೆಯ ಬೆಳ್ಳಿಮೀನು ಮೋಟಾರ್ ಸರ್ವಿಸಿನ ಹದಿನಾಲ್ಕು ಬಸ್ಸುಗಳು ಬೆಳಿಗ್ಗೆ ಎಷ್ಟೆಷ್ಟು ಗಂಟೆಗೆ ಹೊರಡಬೇಕೆಂದು ಗೊತ್ತುಮಾಡುವ ಟೈಮಿಂಗ್ ಗುಮಾಸ್ತರು ಅವರು. ಊರಿನವರ ಕಣ್ಣಿಗೆ ಇದು ಒಂದು ಕೆಲಸವೇ ಅಲ್ಲ. ಅವರು ಬಂದು ಮಾಡಿ ನೋಡಲಿ! ಮೂರನೆಯ ಬಸ್ಸನ್ನು ಹತ್ತು ಮಿನಿಟು ತಡಮಾಡಿದರೆ ಅದು ನಾಲ್ಕನೆಯದರ ಜನವನ್ನೆಲ್ಲ ಬಾಚಿಕೊಳ್ಳುತ್ತದೆ. ನಾಲ್ಕನೆಯದನ್ನು ಸರಿಸಿದರೆ ಒಂಬತ್ತನೆಯದು ಕೆಡುತ್ತದೆ. ಒಂಬತ್ತನೆಯದನ್ನು ಮುಟ್ಟಿದರೆ ಅದರ ಡ್ರೈವರ್ ಉಮರಬ್ಬ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಾನೆ.

"ನನ್ನ ಬಸ್ಸಿಗೆ ಜನ ಬೇಡ ಅಂತ ಮಾಡಿದ್ರಾ ಶೆಟ್ರೇ? ಗಾಳಿ ತುಂಬಿಸಿಕೊಂಡು ಹೋಗ್ತೇನೆ, ಆಗ್ಬಹುದಾ?"

ಎಲ್ಲ ಸರಿ ನಡೆದ ದಿನ ಶೆಟ್ಟರ ಹೆಸರು ಯಾರಿಗೂ ನೆನಪಿಲ್ಲ. ಒಂದು ಬಸ್ಸು ತಪ್ಪಿದರೆ ಸಾಕು, ಮೂಡಬಿದಿರೆಯ ತನಕ ಪ್ರತಿಯೊಬ್ಬ ಪ್ರಯಾಣಿಕನಿಗೂ ಅವರ ಹೆಸರು, ಮನೆತನ ಎಲ್ಲ ಬಾಯಿಪಾಠ. ಇದು ಯಾವ ಊರಿನ ನ್ಯಾಯ?

ಆ ವರ್ಷದ ಆಟಿಯಲ್ಲಿ, ಮದುವೆ ಮುಂಜಿ ಏನೂ ನಡೆಯದ ಆ ಜಡಿಮಳೆಯ ತಿಂಗಳಲ್ಲಿ, ಅವರು ಮಾಡಿದ ಎರಡು ಟೈಮಿಂಗು ಒಂದರ ಹಿಂದೊಂದು ಕೆಟ್ಟವು. ಧಣಿ ಜಮಾಲುದ್ದೀನ್ ಸಾಹೇಬರು ಕೂಗುವವರಲ್ಲ. ಮೆಲ್ಲಗೆ, ಮೀಸೆಯ ಒಳಗಿಂದಲೇ ಹೇಳಿದರು: "ಸೋಮವಾರಕ್ಕೆ ಇನ್ನೊಂದು ಮಾಡಿ ಶೆಟ್ರೇ. ಅದೂ ತಪ್ಪಿದ್ರೆ ನೀವು ಟಯರ್ ಗೋಡೌನಿಗೆ."

ಇಪ್ಪತ್ತು ವರ್ಷ ಹದಿನಾಲ್ಕು ಬಸ್ಸುಗಳಿಗೆ ಹಗಲು ಹಂಚಿಕೊಟ್ಟ ಮಹಾನುಭಾವನು ಇನ್ನು ಕತ್ತಲ ಕೋಣೆಯಲ್ಲಿ ಹಳೆಯ ಟಯರು ಎಣಿಸುವುದೇ! ಶೆಟ್ಟರ ಹೊಟ್ಟೆ ಉರಿಯಿತು, ನಿಜಕ್ಕೂ ಉರಿಯಿತು. ಕಂಕನಾಡಿಯ ಡಾಕ್ಟರು ಹೊಟ್ಟೆ ಒತ್ತಿ, ನಾಲಗೆ ನೋಡಿ, ಕೊನೆಗೆ ಕುಣಿಯುತ್ತಿದ್ದ ಮೊಣಕಾಲನ್ನು ನೋಡಿದರು.

"ನಿಮಗೆ ರೋಗ ಇಲ್ಲ, ಮಂಡೆಬಿಸಿ. ಮಂಡೆ ತಂಪಿಡಿ. ಜಾಸ್ತಿ ಯೋಚನೆ ಮಾಡ್ಬೇಡಿ."

ಶೆಟ್ಟರು ಬಿಕರ್ನಕಟ್ಟೆಯ ತಮ್ಮ ಮನೆಗೆ ಮರಳಿದ್ದು ಭೀಷ್ಮನ ನಡಿಗೆಯಲ್ಲಿ. ದಾರಿಯಲ್ಲೇ ಪ್ರತಿಜ್ಞೆಗಳು ಸಿದ್ಧವಾಗಿದ್ದವು. ಈ ಟೈಮಿಂಗನ್ನು ಮನೆಯಲ್ಲೇ ಕೂತು ಮಾಡುವುದು, ಆದರೆ ಆಫೀಸಿನ ಒಂದು ಮಾತನ್ನೂ ಮನೆಯಲ್ಲಿ ಆಡದಿರುವುದು. ಮಾಡಿ ಮುಗಿಸಿದ್ದನ್ನು ತಿರುಗಿ ನೋಡದಿರುವುದು. ತಿರುಗಿ ನೋಡುವುದರಿಂದಲೇ ಅಲ್ಲವೇ ತಪ್ಪು ಕಾಣುವುದು, ತಪ್ಪು ಕಾಣುವುದರಿಂದಲೇ ಅಲ್ಲವೇ ಮಂಡೆ ಬಿಸಿಯಾಗುವುದು! ಇನ್ನು, ಪ್ರಶ್ನೆ ಕೇಳುವವರಿಗೆ ಅಂಗೈ ತೋರಿಸುವುದು.

ಆದಿತ್ಯವಾರ ಬೆಳಿಗ್ಗೆ ಕಾಗದ ಹಿಡಿದು ಕೂತರು. ಬರೆದರು, ಅಳಿಸಿದರು, ಅಳಿಸಿದಲ್ಲಿ ತೂತು ಬಿತ್ತು. ಮೊಣಕಾಲು ಮೆಲ್ಲಗೆ ಎಚ್ಚರಗೊಂಡಿತು. ಆಗ ಹೊಳೆಯಿತು ಆ ಮಹಾ ಉಪಾಯ.

"ಕುಶಲಾ, ನಿನ್ನ ಚೆನ್ನೆಮಣೆ ಎಲ್ಲಿ?"

"ಅಟ್ಟದಲ್ಲಿ ಉಂಟು. ನಿಮಗೆ ಎಂತಕ್ಕೆ?"

"ಕೇಳ್ಬೇಡ," ಎಂದು ಶೆಟ್ಟರು ನಕ್ಕರು. ಅದು ಮಂಡೆ ತಂಪಿಡುವ ಅಭ್ಯಾಸದ ನಗು. ಹೆಂಡತಿಗೆ ಅದು ಗೊತ್ತಾಗುವುದು ಹೇಗೆ?

ಚೆನ್ನೆಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು ಹದಿನಾಲ್ಕು. ಬಸ್ಸೂ ಹದಿನಾಲ್ಕು! ಮರದ ಹಲಗೆ ಕಡೆದ ಪೂರ್ವಜರು ಬೆಳ್ಳಿಮೀನು ಮೋಟಾರ್ ಸರ್ವಿಸನ್ನು ಕನಸಿನಲ್ಲಿ ಕಂಡಿದ್ದರೆಂದೇ ಶೆಟ್ಟರಿಗೆ ತೋರಿತು. ಬಸ್ಸಿಗೊಂದು ಗುಳಿ, ಬೆಳಿಗ್ಗೆ ಆರರ ಮೇಲೆ ಹತ್ತು ಮಿನಿಟಿಗೊಂದು ಕೆಂಪು ಮಂಜೊಟ್ಟಿ ಬೀಜ. ಗುಳಿಯಲ್ಲಿ ಮೂರು ಬೀಜವಿದ್ದರೆ ಆ ಬಸ್ಸು ಹೊರಡುವುದು ಆರೂವರೆಗೆ, ಆರಿದ್ದರೆ ಏಳಕ್ಕೆ. ಅಳಿಸುವ ಗೋಳಿಲ್ಲ, ಬೀಜ ಎತ್ತಿ ಇಟ್ಟರಾಯಿತು. ಮಧ್ಯಾಹ್ನದೊಳಗೆ ಹದಿನಾಲ್ಕು ಬಸ್ಸುಗಳೂ ಒಂದನ್ನೊಂದು ಮುಟ್ಟದೆ, ಒಬ್ಬ ಡ್ರೈವರನಿಗೂ ಅನ್ಯಾಯವಾಗದೆ ಸಾಲುಗೂಡಿದವು. ಮೊಣಕಾಲು ಒಮ್ಮೆಯೂ ಅಲುಗಲಿಲ್ಲ. ಶೆಟ್ಟರು ಮಣೆಯನ್ನು ಹೆಗಲ ಮೇಲಿನ ಬೈರಾಸಿನಿಂದ ಮುಚ್ಚಿ, ಗೆದ್ದ ರಾಜನಂತೆ ಪಣಂಬೂರಿಗೆ ಕಡಲು ನೋಡಲು ಹೋದರು. ಅಲ್ಲಿ ಆರನೆಯ ತೆರೆಯನ್ನು ಏಳನೆಯದು ಓವರ್‌ಟೇಕ್ ಮಾಡುವುದನ್ನು ಕಂಡು ಸ್ವಲ್ಪ ಸಿಟ್ಟು ಬಂತು. ತಡೆದುಕೊಂಡರು.

ಇತ್ತ ಕುಶಲಾ ಕಣ್ಣೊರೆಸಿಕೊಂಡರು. ಆಟಿಯಲ್ಲಿ ಚೆನ್ನೆಮಣೆ ಇಳಿಯುವುದು ಹೆಂಗಸರ ಆಟಕ್ಕೆ. ಹದಿನೆಂಟು ವರ್ಷದ ಸಂಸಾರದಲ್ಲಿ ಬಸ್ಸು ಬಿಟ್ಟು ಬೇರೇನೂ ಕಾಣದ ಗಂಡ ತಾನಾಗಿ ಅಟ್ಟ ಹತ್ತಿ ಮಣೆ ಇಳಿಸಿದ್ದಾರೆ. ಬೀಜ ಕೂಡ ತುಂಬಿಸಿಟ್ಟಿದ್ದಾರೆ. ತುಂಬಿಸಿದ್ದು ಮಾತ್ರ ಒಂದರಲ್ಲಿ ಒಂದು, ಇನ್ನೊಂದರಲ್ಲಿ ಹನ್ನೊಂದು. ಪಾಪ, ಗಂಡಸರಿಗೆ ಆಟದ ಲೆಕ್ಕ ಎಲ್ಲಿ ಗೊತ್ತು! ಪಕ್ಕದ ಮನೆಯ ಸುಂದರಿಯಕ್ಕನನ್ನು ಕರೆದು ಸಂಜೆಯ ತನಕ ಆಡಿದರು, ಗೆದ್ದರು. ಆಟ ಮುಗಿದ ಮಣೆಯನ್ನು ಬರಿದು ಬಿಡಬಾರದೆಂಬುದು ತವರಿನ ಮರ್ಯಾದೆ. ಪ್ರತಿ ಗುಳಿಗೂ ನಾಲ್ಕು ನಾಲ್ಕು ಬೀಜ ಹಾಕಿ, ಉಳಿದದ್ದನ್ನು ಚೀಲಕ್ಕೆ ಸುರಿದು, ಬೈರಾಸನ್ನು ಮೊದಲಿನಂತೆಯೇ ಹೊದೆಸಿದರು.

ಸಂಜೆ ಆಫೀಸಿನ ಟೈಪಿಸ್ಟ್ ಡಾಲಿಬಾಯಿ ಇಗರ್ಜಿಯ ಪ್ರಾರ್ಥನೆ ಮುಗಿಸಿ ಮನೆಗೆ ಬಂದಳು. ಬೀಜ ಎಣಿಸಿ, ಬಸ್ಸಿಗೊಂದು ಚೀಟಿ ಟೈಪ್ ಮಾಡಿ, ಬೆಳಿಗ್ಗೆ ಡ್ರೈವರುಗಳ ಕೈಗೆ ಕೊಡುವುದು ಅವಳ ಕೆಲಸ. ಕಡಲು ನೋಡಿ ಮರಳಿದ್ದ ಶೆಟ್ಟರು ಲೆಕ್ಕ ವಿವರಿಸಿ, ಪ್ರತಿಜ್ಞೆಯಂತೆ ಗೋಡೆಯ ಕಡೆ ಮುಖ ಮಾಡಿ ಕೂತರು. ಅವಳು ಬೈರಾಸು ಎತ್ತಿದಳು, ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

"ಸರ್, ಒಂದು ವಿಷಯ..."

ಶೆಟ್ಟರು ತಿರುಗದೆಯೇ ಅಂಗೈ ಎತ್ತಿದರು. "ಡಾಲಿಬಾಯಿ, ಕಂಡದ್ದನ್ನು ಬರೆಯಿರಿ. ನೀವು ಕೇಳಿದ್ರೆ ನನಗೆ ಮಂಡೆಬಿಸಿ."

ಅವಳು ಕಂಡದ್ದನ್ನು ಬರೆದುಕೊಂಡಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಐದು ಮಿನಿಟಿರುವಾಗ ಶೆಟ್ಟರು ಆಗಷ್ಟೇ ಎದ್ದು ಬಂದು ಜಗಲಿಯಲ್ಲಿ ಕೊತ್ತಂಬರಿ ಕಷಾಯ ಹೀರುತ್ತಿದ್ದರು. ಹಂಪನಕಟ್ಟೆಯಿಂದ ಹೊರಟ ಮೊದಲ ಬಸ್ಸು ಮನೆಯೆದುರು ಹಾದುಹೋಯಿತು. ಶೆಟ್ಟರು ತಲೆದೂಗಿದರು. ಅದರ ಹಿಂದೆ ಎರಡನೆಯದು ಬಂತು. ಹಿಂದೆಯೇ ಮೂರನೆಯದು, ಐದನೆಯದು, ಹನ್ನೊಂದನೆಯದು, ಹಾರ್ನು ಬಾರಿಸುತ್ತ, ಕೆಸರು ಹಾರಿಸುತ್ತ, ಬಾಲಕ್ಕೆ ಮೂತಿ ತಾಗಿಸಿಕೊಂಡು! ಜಂಕ್ಷನ್ನಿನಲ್ಲಿ ಮೊದಲನೆಯದು ಒಂದು ಎತ್ತಿನ ಗಾಡಿಗೆ ನಿಂತಿತು. ಹದಿಮೂರೂ ಹಿಂದೆ ನಿಂತವು. ಕೊಡೆ ಹಿಡಿದ ಜನ ರಸ್ತೆಗೆ ಇಳಿದು, ಆಟಿಯಲ್ಲಿ ಮದುವೆ ದಿಬ್ಬಣ ಹೊರಡಿಸಿದ ಧರ್ಮಗೇಡಿ ಯಾರೆಂದು ಕೇಳತೊಡಗಿದರು.

ಕೊನೆಯ ಬಸ್ಸು ಉಮರಬ್ಬನದು. ಶೆಟ್ಟರ ಗೇಟಿನ ಮುಂದೆಯೇ ನಿಂತಿತ್ತು. ಅವನು ಕಿಟಕಿಯಿಂದ ಚೀಟಿ ಬೀಸಿದ.

"ಆರು ನಲ್ವತ್ತು ಶೆಟ್ರೇ! ಎಲ್ಲರಿಗೂ ಆರು ನಲ್ವತ್ತು! ಇವತ್ತು ಯಾರಿಗೂ ಅನ್ಯಾಯ ಆಗ್ಲಿಲ್ಲ ಮಾರಾಯ್ರೆ."

ಶೆಟ್ಟರು ಒಳಗೋಡಿ ಬೈರಾಸು ಕಿತ್ತೆಸೆದರು. ನಾಲ್ಕು. ನಾಲ್ಕು. ನಾಲ್ಕು. ಹದಿನಾಲ್ಕು ಗುಳಿಗಳಲ್ಲೂ ನಾಲ್ಕೇ ನಾಲ್ಕು.

"ಇದನ್ನು ಮುಟ್ಟಿದ್ದು ಯಾರು?"

"ನಾನೇ," ಎಂದರು ಕುಶಲಾ. "ಆಡಿದ್ದು ನಾನು ಮತ್ತು ಸುಂದರಿಯಕ್ಕ. ಎಂತ ಆಯ್ತು?"

"ಅದು ಆಫೀಸಿನ ಟೈಮಿಂಗು!"

"ಚೆನ್ನೆಮಣೆಯಲ್ಲಿ ಆಫೀಸು ಉಂಟು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಕೇಳಿದ್ರೆ ಕೇಳ್ಬೇಡ ಅಂದ್ರಿ." ಕುಶಲಾರ ದನಿ ತಗ್ಗಿತು. "ನನಗೋಸ್ಕರ ಇಳಿಸಿದ್ದು ಅಂತ ನಾನು..."

ಶೆಟ್ಟರು ಬಗ್ಗಿ, ಕಿತ್ತೆಸೆದ ಬೈರಾಸನ್ನು ಹೆಕ್ಕಿ ಮಡಚತೊಡಗಿದರು. ಅಷ್ಟರಲ್ಲಿ ಅಂಗಳದಲ್ಲಿ ಕೊಡೆ ಮಡಚಿದ ಸದ್ದಾಯಿತು. ಹೊಸ ಟೈಮಿಂಗಿಗೆ ತೆಂಗಿನಕಾಯಿ ಒಡೆದು ಮೊದಲ ಬಸ್ಸಿನಲ್ಲೇ ಹೊರಟಿದ್ದ ಜಮಾಲುದ್ದೀನ್ ಸಾಹೇಬರು ಮೊಣಕಾಲುದ್ದ ಕೆಸರಿನಲ್ಲಿ ನಡೆದು ಬಂದಿದ್ದರು. ಜಗಲಿಯ ಮೇಲೆ ಟಯರ್ ಗೋಡೌನಿನ ಬೀಗದ ಕೈ ಇಟ್ಟರು. ಆಗಲೂ ಕೂಗಲಿಲ್ಲ.

ಶೆಟ್ಟರು ಹೊರಗೆ ಬಂದು ನಿಂತರು. ಬಲಮೊಣಕಾಲು ಹಿಂದೆಂದೂ ಕಾಣದ ವೇಗದಲ್ಲಿ ಕುಣಿಯುತ್ತಿತ್ತು. ಜಗಲಿಯ ಮೇಲೆ ಬೀಗದ ಕೈ ಗಿಲಿಗಿಲಿ ಎನ್ನುತ್ತ ಅವರ ಕಡೆಗೇ ನಡೆದುಕೊಂಡು ಬರುತ್ತಿತ್ತು. ಡಾಲಿಬಾಯಿಯನ್ನು ದೂರಬಹುದಿತ್ತು, ಡಾಕ್ಟರನ್ನು ದೂರಬಹುದಿತ್ತು. ಬಾಗಿಲ ಸಂದಿನಲ್ಲಿ ಕುಶಲಾ ನಿಂತಿದ್ದರು.

"ಒಂದೇ ಒಂದು ಕೇಳ್ತೇನೆ ಶೆಟ್ರೇ," ಎಂದರು ಸಾಹೇಬರು. "ಇದನ್ನು ಮಾಡುವಾಗ ನಿಮ್ಮ ಮಂಡೆಯಲ್ಲಿ ಎಂತ ಇತ್ತು?"

"ಎಂತದ್ದೂ ಇರ್ಲಿಲ್ಲ ಧಣಿ," ಎಂದರು ಶೆಟ್ಟರು. "ತಂಪಿತ್ತು."