ದೇಶಮುಖರ ತಾಟು

ಊರಿಗೆಲ್ಲ ಹೋಳಿಗೆ ಊಟವೆಂದು ಡಂಗುರ ಸಾರಿಸದಿದ್ದರೆ ಚಿತ್ತಾಪುರಕ್ಕೆ ಅಷ್ಟು ನೆಂಟರು ಬರುತ್ತಿರಲಿಲ್ಲ. ನೆಂಟರು ಬರದಿದ್ದರೆ ಮಡಿವಾಳಯ್ಯನ ಮನೆಯ ರೊಟ್ಟಿ ಹಂಚು ಅವನ ಮನೆಯಲ್ಲೇ ಉಳಿಯುತ್ತಿತ್ತು.

ಬಾವಲಿಗಳು ಆಳುತ್ತಿದ್ದ ದೇಶಮುಖರ ವಾಡೆಯನ್ನು ಊರವರೇ ದುರಸ್ತಿ ಮಾಡಿಸಿದ್ದರು. ಬಿದ್ದ ಗೋಡೆ ಎತ್ತಿ, ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು ಹಾಸಿ, ಅಡುಗೆಮನೆಯ ಒಲೆಗೂ ಹೊಸ ಮಣ್ಣು ಮೆತ್ತಿ ಅದನ್ನು ಹಳೆಯ ವಸ್ತುಗಳ ಒಂದು ಅಜಬಖಾನೆ ಮಾಡಿದ್ದರು. ಹಿಂದಿನವರು ಹೇಗೆ ಬದುಕಿದ್ದರೆಂದು ಜನ ಕಣ್ಣಾರೆ ನೋಡಲಿ ಎಂಬುದು ವಕೀಲ ಬಸವಂತರಾಯರ ಆಸೆ. ಆದರೆ ದೇಶಮುಖರ ವಾರಸುದಾರರು ಬಾಗಿಲಿನ ಚಿಲಕವನ್ನೂ ಬಿಡದೆ ಒಯ್ದಿದ್ದರು. ಹೀಗಾಗಿ ಮನೆಮನೆಯಿಂದ ಹಳೆಯ ಸಾಮಾನು ಇಸಿದುಕೊಂಡು ಬಂದು, 'ದೇಶಮುಖರ ಹಂಡೆ', 'ದೇಶಮುಖರ ಮಂಚ' ಎಂದು ಚೀಟಿ ಬರೆದು ಇಟ್ಟರು. ಕಾವಲಿಗೆ ಮಡಿವಾಳಯ್ಯನನ್ನು ಕೂರಿಸಿದರು.

"ತಾಲೂಕುದಾರ ಸಾಹೇಬ್ರು ಮೆಚ್ಚಿದ್ರ ನಿಮ್ಮ ನೌಕರಿ ಕಾಯಂ, ಅಯ್ನೋರೆ," ಎಂದು ಬಸವಂತರಾಯರು ಎದೆಗೆ ಅಡ್ಡಲಾಗಿ ಕಟ್ಟುವ, ಹಿತ್ತಾಳೆ ಬಿಲ್ಲೆಯ ಪಟ್ಟಾ ಒಂದನ್ನು ತೋರಿಸಿ, ಮತ್ತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಅಂದಿನಿಂದ ಆ ಬಿಲ್ಲೆ ಮಡಿವಾಳಯ್ಯನ ಕನಸಿನಲ್ಲಿ ಹುಣ್ಣಿಮೆ ಚಂದ್ರನ ಹಾಗೆ ಮೂಡುತ್ತಿತ್ತು. ಅವನಿಗೆ ಈವರೆಗೆ ಯಾವ ನೌಕರಿಯೂ ಕಾಯಂ ಆಗಿರಲಿಲ್ಲ.

ಜಿಲ್ಲೆಯ ಅಧಿಕಾರಿ ತಾಲೂಕುದಾರ ಸಾಹೇಬರು ಬಂದು ಅಜಬಖಾನೆ ತೆರೆಯಬೇಕಿದ್ದ ಉತ್ಸವದ ಬೆಳಿಗ್ಗೆ ಮೊದಲು ಬಂದವಳು ಹಂಡೆ ಕೊಟ್ಟಿದ್ದ ಚಂದಮ್ಮ.

"ಹಂಡೆ ಒಯ್ತೀನ್ರಿ ಅಯ್ನೋರೆ. ಬೀಗರು ಬಂದಾರ, ಜಳಕಕ್ಕ ನೀರು ಕಾಸಬೇಕು."

"ಅದು ಈಗ ದೇಶಮುಖರ ಹಂಡೆ ಅದವ್ವಾ."

"ದೇಶಮುಖರು ಜಳಕ ಮಾಡೋದು ಬಿಟ್ಟು ಭಾಳ ವರ್ಷ ಆತು. ನಮ್ಮ ಬೀಗರು ಇನ್ನೂ ಮಾಡ್ತಾರ. ಸಾಹೇಬ್ರ ರೈಲ್ ಬರೋದ್ರೊಳಗ ತಂದಿಡ್ತೀನಿ."

ಹಂಡೆ ಹೋಯಿತು. ಅದರ ಬೆನ್ನಿಗೇ ಬಾಬುಮಿಯಾ ತಾನು ಕೊಟ್ಟಿದ್ದ ಹುಕ್ಕಾ ಕೇಳಲು ಬಂದ.

"ಮಗಳ ಮಾವ ಸೇಡಮದಿಂದ ಬಂದಾರ್ರಿ. ನಿನ್ನಿಯಿಂದ ನನ್ನ ಮಗಳ ತಪ್ಪು ಹೇಳಾಕತ್ತಾರ. ಬಾಯಾಗ ಹುಕ್ಕಾದ ನಳಿಗಿ ಇಟ್ರ ಒಂದೀಟು ಸುಮ್ನ ಇರ್ತಾರ."

ಹೆಣ್ಣು ಹೆತ್ತವನ ಸಂಕಟ. ಹುಕ್ಕಾವೂ ಹೋಯಿತು. ಗೊಲ್ಲಾಳಪ್ಪ ಮಂಚ ಹೊರಿಸಿಕೊಂಡು ಹೋದ. ಅವನ ಅಳಿಯ ನೆಲದ ಮೇಲೆ ಮಲಗುವುದಿಲ್ಲವೆಂದು ರಾತ್ರಿಯೆಲ್ಲ ಮುನಿಸಿಕೊಂಡು ಗೋಡೆಗೆ ಒರಗಿ ಕುಳಿತಿದ್ದನಂತೆ. ಅಷ್ಟರಲ್ಲಿ ಸಾಹೇಬರ ರೈಲು ವಾಡಿ ಜಂಕ್ಷನ್ನಿನಲ್ಲೇ ನಿಂತಿದೆ ಎಂಬ ಸುದ್ದಿ ಬಂತು. ಸಾಹೇಬರು ಬಾರದೆ ಹೋಳಿಗೆ ಬಡಿಸುವಂತಿಲ್ಲ. ನೆಂಟರ ಹಸಿವು ನಿಲ್ಲುವಂತಿಲ್ಲ. ಹಿಟ್ಟು ನಾದುವ ಪರಾತ ಕೊಟ್ಟವರು ಪರಾತಕ್ಕೆ, ಉಣ್ಣುವ ತಾಟು ಕೊಟ್ಟವರು ತಾಟಿಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ವಾಡೆಯಲ್ಲಿ ಉಳಿದದ್ದು ಚೀಟಿಗಳು ಮತ್ತು ಮಡಿವಾಳಯ್ಯ.

ಬಸವಂತರಾಯರು ಒಳಗೆ ಇಣುಕಿದರು. "ಸಾಮಾನು ಎಲ್ಲಿ?"

"ಹಂಡೆ ಜಳಕಕ್ಕ ಹೋಗ್ಯಾದ್ರಿ. ಮಂಚ ಗೊಲ್ಲಾಳಪ್ಪನ ಅಳಿಯನ ಸಿಟ್ಟು ಇಳಿಸಾಕ ಹೋಗ್ಯಾದ."

"ಸಾಹೇಬ್ರು ಬರೋದ್ರೊಳಗ ಈ ಮನಿ ತುಂಬಿರಬೇಕು. ಇಲ್ಲಂದ್ರ ಬಿಲ್ಲೆ ಮತ್ತೊಬ್ಬರ ಎದಿ ಮ್ಯಾಲ ಇರ್ತದ, ನೋಡ್ರಿ."

ಮಡಿವಾಳಯ್ಯ ಮನೆಗೆ ಓಡಿದ. ಹೆಂಡತಿ ಗುರುಲಿಂಗಮ್ಮ ನೀರಿಗೆ ಹೋಗಿದ್ದಳು. ಗುಂಡಗುರ್ತಿಯಿಂದ ಬಂದಿದ್ದ ಅವಳ ತಮ್ಮ ಕಲ್ಯಾಣಪ್ಪ ನುಲಿಮಂಚದ ಮೇಲೆ ಮಲಗಿದ್ದ. ಮಡಿವಾಳಯ್ಯ ಮಂಚವನ್ನು ಒಂದು ಕಡೆಯಿಂದ ಎತ್ತಿದ. ಕಲ್ಯಾಣಪ್ಪ ಜೋಳದ ಚೀಲದ ಹಾಗೆ ಉರುಳಿ ಬಿದ್ದ.

"ಏನಾತು ಮಾವಾ?"

"ಏನಿಲ್ಲಪ್ಪ. ಮಂಚಕ್ಕ ಸರ್ಕಾರಿ ಕೆಲಸ ಬಂದದ. ನೀ ಮಲಕೋ."

ಮಂಚ, ಹಂಚು, ನೆಗ್ಗಿದ ತಾಟು, ಪರಾತ, ಹರಕು ಕಂಬಳಿ, ಒಂದೊಂದಾಗಿ ವಾಡೆ ಸೇರಿದವು. ನಡುವೆ ತೊಟ್ಟಿಲಿನಂತೆ ಜೋತಿದ್ದ ನುಲಿಮಂಚ ದೇಶಮುಖರ ಮಂಚವಾಯಿತು. ಹುಕ್ಕಾಕ್ಕೆ ಮಾತ್ರ ಏನೂ ಒದಗಲಿಲ್ಲ. ಕೊನೆಗೆ ಹೆಂಡತಿಯ ಊದುಗೊಳವೆಯನ್ನು ಚೊಂಬಿನಲ್ಲಿ ಸಿಕ್ಕಿಸಿ, ದೂರ ನಿಂತು ನೋಡಿದ. ಕಣ್ಣು ಅರ್ಧ ಮುಚ್ಚಿದರೆ ಹುಕ್ಕಾವೇ.

ರೈಲು ಕೂಗಿತು. ಅದೇ ಹೊತ್ತಿಗೆ ಗುರುಲಿಂಗಮ್ಮ ಹಿಟ್ಟಿನ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನನ್ನ ಮನಿ ಇಲ್ಲಿಗಿ ಯಾವಾಗ ಬಂತು?"

"ಮೆಲ್ಲಕ ಮಾತಾಡು. ಇವೆಲ್ಲಾ ಈಗ ದೇಶಮುಖರವು."

"ನನ್ನ ತಮ್ಮ ಹಸದು ಕುಂತಾನ. ದೇಶಮುಖರು ಬಂದು ರೊಟ್ಟಿ ಬಡದು ಕೊಡ್ತಾರೇನ್ರಿ?"

"ಇವತ್ತೊಂದಿನ ಹಂಚು ಹೊರಗ ಒಯ್ಯಬ್ಯಾಡ. ನನ್ನ ನೌಕರಿ ಹೋಗ್ತದ."

"ಆತು, ಒಯ್ಯಲ್ಲ," ಎಂದವಳೇ ವಾಡೆಯ ಅಡುಗೆಮನೆಗೆ ನಡೆದಳು. "ಒಲಿ ಇಲ್ಲೇ ಅದ." ದೇಶಮುಖರ ಹುಕ್ಕಾವನ್ನು ಚೊಂಬಿನಿಂದ ಕಿತ್ತು ಒಲೆ ಊದತೊಡಗಿದಳು.

ಅವಳನ್ನು ಎಬ್ಬಿಸುವ ಮೊದಲೇ ಟಾಂಗಾಗಳು ಬಂದು ನಿಂತವು. ಒಂದರಿಂದ ಸಾಹೇಬರು ಇಳಿದರು. ಪರದೆ ಕಟ್ಟಿದ ಇನ್ನೊಂದರಲ್ಲಿ ಅವರ ಬೇಗಂ ರಶೀದಾಬೇಗಂ ಇದ್ದರು. ಅವರು ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. "ಪರದಾ, ಪರದಾ" ಎನ್ನುತ್ತ ಸಿಪಾಯಿಗಳು ಗಂಡಸರನ್ನೆಲ್ಲ ಹೊರಗೆ ಅಟ್ಟಿದರು. ಮಡಿವಾಳಯ್ಯನೂ ಹೊರಬಿದ್ದ. ಬೇಗಂ ಸಾಹೇಬರು ದಾಸಿ ಬಿಬಿಜಾನ್ ಜೊತೆ ಒಳಗೆ ಹೋದರು, ಬಾಗಿಲು ಮುಚ್ಚಿತು.

ಹೊರಗೆ ಹಾಕಿದ್ದ ಚಪ್ಪರದಲ್ಲಿ ಬಸವಂತರಾಯರು ಭಾಷಣಕ್ಕೆ ನಿಂತರು. ಮಡಿವಾಳಯ್ಯನ ಕಿವಿ ಮಾತ್ರ ವಾಡೆಯ ಗೋಡೆಗೆ ಅಂಟಿತ್ತು. ಒಳಗಿನಿಂದ ಹೊಗೆ ಬಂತು. ಆಮೇಲೆ ರೊಟ್ಟಿ ಬಡಿಯುವ ಸದ್ದು. ಆಮೇಲೆ ನಗು. ಆ ನಗು ಗುರುಲಿಂಗಮ್ಮನದು. ಮಡಿವಾಳಯ್ಯ ಅದನ್ನು ಕೇಳಿ ಬಹಳ ದಿನಗಳಾಗಿದ್ದವು, ಹಾಗಾಗಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಬಿಬಿಜಾನ್ ಹೊರಬಂದು ಸಾಹೇಬರ ಕಿವಿಯಲ್ಲಿ ಏನೋ ಹೇಳಿದಳು. ಸಾಹೇಬರು ಎದ್ದು ಉರ್ದುವಿನಲ್ಲಿ ಮಾತಾಡಿದರು, ಬಸವಂತರಾಯರು ಕನ್ನಡದಲ್ಲಿ ಹೇಳುತ್ತ ಹೋದರು. ಬೇಗಂ ಸಾಹೇಬರು ಎಷ್ಟೋ ಅಜಬಖಾನೆ ನೋಡಿದ್ದಾರಂತೆ, ಎಲ್ಲಿಯೂ ಬಿಸಿ ರೊಟ್ಟಿ ಕೊಟ್ಟಿರಲಿಲ್ಲವಂತೆ. ಆ ಜೋಲು ಮಂಚ, ಆ ಹರಕು ಕಂಬಳಿ, ಆ ನೆಗ್ಗಿದ ತಾಟು ನೋಡಿ, ಹಿಂದಿನ ಜನ ಇಷ್ಟು ಕಷ್ಟದಲ್ಲಿ ಹೇಗೆ ಬದುಕಿದರೋ ಎಂದು ಅವರ ಕಣ್ಣಲ್ಲಿ ನೀರು ಬಂತಂತೆ. ಇನ್ನು ಮೇಲೆ ಒಂದು ಸಾಮಾನೂ ಈ ಮನೆಯಿಂದ ಹೊರಗೆ ಹೋಗಕೂಡದು. ಕಾವಲಿನ ನೌಕರಿ ಇಂದಿನಿಂದ ಕಾಯಂ.

ಮಡಿವಾಳಯ್ಯ ರುಮಾಲು ಸರಿಮಾಡಿಕೊಂಡು ಮುಂದೆ ಬಂದ.

ಆದರೆ, ಎಂದರು ಸಾಹೇಬರು, ಬಾಗಿಲಲ್ಲಿ ಗಂಡಸು ಕೂತರೆ ಪರದೆಯ ಹೆಂಗಸರು ಬರುವುದು ಹೇಗೆ? ಒಳಗೆ ರೊಟ್ಟಿ ಬಡಿಯುತ್ತಿರುವ ಆಕೆಯೇ ಇರಲಿ. ಶುಕ್ರವಾರವಂತೂ ಹೆಂಗಸರಿಗೆ ಮಾತ್ರ.

"ಅಯ್ನೋರೆ, ಇದಕ್ಕ ನಿಮ್ಮ ಒಪ್ಪಿಗಿ ಅದ ಏನ್ರಿ?" ಬಸವಂತರಾಯರು ಕೇಳಿದರು.

ಮಡಿವಾಳಯ್ಯ ಬಾಯಿ ತೆರೆದ. ಹೆಂಡತಿ ಊದಿದ ಒಲೆಯ ಹೊಗೆ ಗಂಟಲಿಗೆ ಹೋಗಿ ಕೆಮ್ಮು ಬಂತು. ಕೆಮ್ಮುವಾಗ ತಲೆ ಮೇಲೆ ಕೆಳಗೆ ಆಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಬಿಜಾನ್ ಬಸವಂತರಾಯರು ತೆಗೆದುಕೊಟ್ಟ ಬಿಲ್ಲೆಯ ಪಟ್ಟಾ ಹಿಡಿದುಕೊಂಡು ಅವನ ಮೂಗಿನ ಮುಂದೆಯೇ ಒಳಗೆ ಹೋದಳು.

ಚಂದಮ್ಮ ಹಂಡೆ ತಂದಾಗ ವಾಡೆಯಲ್ಲಿ ಜಾಗವಿರಲಿಲ್ಲ. ಅವಳು ಖುಷಿಯಿಂದ ತಿರುಗಿ ಒಯ್ದಳು. ಮಡಿವಾಳಯ್ಯನಿಗೆ ಊಟದ ಕೊನೆಯ ಪಂಕ್ತಿ ಸಿಕ್ಕಿತು, ಹೋಳಿಗೆ ಸಿಗಲಿಲ್ಲ. ರಾತ್ರಿ ಅವನೂ ಕಲ್ಯಾಣಪ್ಪನೂ ಬರಿಯ ನೆಲದ ಮೇಲೆ ಮಲಗಿದರು.

ಬೆಳಗಾಗುತ್ತಲೇ ಗುರುಲಿಂಗಮ್ಮ ನೌಕರಿಗೆ ಹೋದಳು. ಹೊತ್ತು ಏರಿದ ಮೇಲೆ ಹಸಿವು ತಾಳಲಾರದೆ ಮಡಿವಾಳಯ್ಯ ವಾಡೆಗೆ ಬಂದ. ಒಳಗೆ ಊರ ಹೆಂಗಸರೆಲ್ಲ ಸೇರಿದ್ದ ಗದ್ದಲ. ಬಾಗಿಲಿಗೆ ಪರದೆ ಬಿದ್ದಿತ್ತು.

"ಏನ," ಎಂದು ಅವನು ಮೆಲ್ಲಗೆ ಕರೆದ, "ಒಂದೀಟು ಒಳಗ ಬರಲೇನು?"

"ಇವತ್ತು ಶುಕ್ರವಾರ."

"ನಾ ನಿನ್ನ ಗಂಡ."

"ಗಂಡಸ್ರನ್ನ ಬಿಡಬ್ಯಾಡ ಅಂದಾರ. ಗಂಡನ್ನ ಬಿಡು ಅಂತ ಹೇಳಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಪರದೆಯ ಸಂದಿಯಿಂದ ಒಂದು ಕೈ ಬಂತು. ಅದರ ತುದಿಯಲ್ಲಿ ಒಂದು ರೊಟ್ಟಿ. ಸೀರೆಯ ಮೇಲೆ ಬಿಗಿದ ಬಿಲ್ಲೆ ಒಂದು ಕ್ಷಣ ಹೊಳೆಯಿತು. ಮಡಿವಾಳಯ್ಯ ಸುಡುವ ರೊಟ್ಟಿಯನ್ನು ಆ ಅಂಗೈಯಿಂದ ಈ ಅಂಗೈಗೆ ಹಾರಿಸುತ್ತ ಇನ್ನೇನೋ ಕೇಳಲು ಬಾಯಿ ತೆರೆದ.

"ಕಟ್ಟಿ ಮ್ಯಾಲ ಕುಂತು ಉಣ್ರಿ," ಎಂದಿತು ಒಳಗಿನ ದನಿ. "ತಾಟು ಕೇಳಬ್ಯಾಡ್ರಿ. ಅದು ದೇಶಮುಖರದು."