ಹಿಮ್ಮುಖವಾಗಿ ನಡೆದ ಅಪ್ಪ ಮತ್ತು ನನ್ನ ಎರಡು ವರದಿಗಳು

ಸಮಾರಂಭ ನಡೆಯುವ ಮೊದಲೇ ವರದಿಗಾರರು ವರದಿ ಬರೆದು ಕಳುಹಿಸಿಬಿಡುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ ಎಂದು ಉಡುಪಿಯಲ್ಲಿ ಇಪ್ಪತ್ತೆಂಟು ವರ್ಷ ಹೇಳಿಕೊಂಡು ಬಂದವನು ನಾನು. ಈಗ ನಿವೃತ್ತನಾಗಿದ್ದೇನೆ, ನೀವು ನಂಬಬಹುದು. ಅದು ಮೋಸ ಮಾಡುವ ಉದ್ದೇಶದಿಂದ ಹುಟ್ಟಿದ ಅಭ್ಯಾಸವಲ್ಲ. ಹೆಚ್ಚಿನ ಸಮಾರಂಭಗಳು ಭಾನುವಾರದ ಸಂಜೆಗೇ ಇರುತ್ತವೆ, ಜಿಲ್ಲೆಯ ಪುಟ ಮುಗಿಯುವುದೂ ಭಾನುವಾರವೇ ಬೇಗ. ಆಮಂತ್ರಣ ಪತ್ರಿಕೆ ಕೈಯಲ್ಲಿದ್ದರೆ ಯಾರು ಸ್ವಾಗತಿಸುತ್ತಾರೆ, ಯಾರು ಉದ್ಘಾಟಿಸುತ್ತಾರೆ, ಯಾರು ವಂದಿಸುತ್ತಾರೆ ಎಂಬುದೆಲ್ಲ ಗೊತ್ತೇ ಇರುತ್ತದೆ. ಆಗಲಿರುವುದನ್ನು ಆಯಿತು ಎಂದು ಬರೆದರೆ ಮುಗಿಯಿತು. ಒಮ್ಮೆ ಮಾತ್ರ ಕಾಪುವಿನ ಕಡಲ ಬದಿಯ ಕಾರ್ಯಕ್ರಮವೊಂದರಲ್ಲಿ ಗಣ್ಯರು ದೀಪ ಬೆಳಗಿಸಿದರು ಎಂದು ಮಧ್ಯಾಹ್ನವೇ ಬರೆದು ಕಳುಹಿಸಿದ್ದೆ. ಸಂಜೆ ಬೀಸಿದ ಗಾಳಿಗೆ ಗಣ್ಯರೆಲ್ಲ ಸೇರಿ ಎರಡು ಬೆಂಕಿಪೊಟ್ಟಣ ಮುಗಿಸಿದರೂ ದೀಪ ಹತ್ತಲಿಲ್ಲವಂತೆ. ಯಾರೂ ದೂರಲಿಲ್ಲ. ಗಣ್ಯರಲ್ಲೊಬ್ಬರು ಮರುದಿನ ಫೋನ್ ಮಾಡಿ, ವರದಿ ಚೆನ್ನಾಗಿ ಬಂದಿದೆ ಎಂದು ಅಭಿನಂದಿಸಿದರು.

ನಾನು ಬರೆದದ್ದನ್ನು ಅಕ್ಷರಶಃ ನಂಬುತ್ತಿದ್ದ ಓದುಗರು ನನ್ನ ಮನೆಯಲ್ಲಿ ಒಬ್ಬರೇ ಇದ್ದರು. ಅದು ನನ್ನ ಹೆಂಡತಿಯಲ್ಲ. ಅವಳು ಪತ್ರಿಕೆಯಲ್ಲಿ ನಿಧನ ವಾರ್ತೆಗಳನ್ನು ಮಾತ್ರ ಓದುತ್ತಿದ್ದಳು. ಅವುಗಳನ್ನು ಮೊದಲೇ ಬರೆದಿಡಲು ಆಗುವುದಿಲ್ಲ ಎಂಬುದು ಅವಳ ವಾದ. ನಂಬುತ್ತಿದ್ದವಳು ಮಗಳು ಸೌಮ್ಯ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ಅವಳು ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಮಣಿಪಾಲದಲ್ಲಿ ಒಂದು ಚಿತ್ರ ಸಮಾಜವಿತ್ತು. ತಿಂಗಳಿಗೊಮ್ಮೆ ತಗಡಿನ ಪೆಟ್ಟಿಗೆಯಲ್ಲಿ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವ ರೀಲುಗಳನ್ನು ಒಂದು ಕಾಲೇಜಿನ ಸಭಾಂಗಣದಲ್ಲಿ ತೋರಿಸುತ್ತಿದ್ದರು. ಸೌಮ್ಯ ಅಲ್ಲಿ ಎರಡು ವರ್ಷ ಕುರ್ಚಿ ಜೋಡಿಸಿ, ಚಹಾದ ಚೀಟಿ ಹಂಚಿದ ಮೇಲೆ, ಮುಂದಿನ ಚಿತ್ರವನ್ನು ನೀನೇ ಆರಿಸು ಎಂದು ಸಮಿತಿಯವರು ದೊಡ್ಡ ಮನಸ್ಸು ಮಾಡಿ ಹೇಳಿದರು. ಸಮಿತಿಯಲ್ಲಿದ್ದವರೆಲ್ಲ ಗಂಡಸರು, ಹೆಚ್ಚಿನವರು ಪ್ರಾಧ್ಯಾಪಕರು. ಅವಳು ಆರಿಸಿದ್ದು ಹೆಸರು ಉಚ್ಚರಿಸಲು ಬಾರದ ಒಂದು ವಿದೇಶಿ ಚಿತ್ರವನ್ನು. ತಂದೆ ಮತ್ತು ಮಗಳ ಹಾಸ್ಯ ಚಿತ್ರ ಎಂದಷ್ಟೇ ಬೆಂಗಳೂರಿನಿಂದ ಬಂದ ಪಟ್ಟಿಯಲ್ಲಿತ್ತು.

“ಜನರಿಗೆ ಹಿಡಿಸದಿದ್ದರೆ ನಾನು ಪುನಃ ಕುರ್ಚಿ ಎಣಿಸುವವಳೇ ಅಪ್ಪಾ,” ಎಂದು ಶನಿವಾರ ಊಟಕ್ಕೆ ಕೂತಾಗ ಹೇಳಿದಳು. “ಹುಡುಗಿಯ ಕೈಗೆ ಕೊಟ್ಟದ್ದೇ ತಪ್ಪು ಅಂತ ಹೇಳ್ಲಿಕ್ಕೆ ಈಗಲೇ ಇಬ್ಬರು ತಯಾರಾಗಿ ಕೂತಿದ್ದಾರೆ.”

ನಾನು ಸಮಾಧಾನದ ಮಾತು ಹೇಳುವುದರಲ್ಲಿ ಹಿಂದೆ. ಆದ್ದರಿಂದ ನನಗೆ ಬರುವ ಕೆಲಸವನ್ನು ಮಾಡಿದೆ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಕಚೇರಿಗೆ ಹೋಗಿ, ‘ತಂದೆ-ಮಗಳ ನವಿರು ಚಿತ್ರಕ್ಕೆ ಪ್ರೇಕ್ಷಕರ ಮೆಚ್ಚುಗೆ, ಸಭಾಂಗಣದಲ್ಲಿ ನಗೆಯ ಅಲೆ’ ಎಂದು ಹದಿನೆಂಟು ಸಾಲು ಬರೆದು ಮುಖ್ಯ ಕಚೇರಿಗೆ ಫ್ಯಾಕ್ಸ್ ಮಾಡಿದೆ. ಚಿತ್ರ ಶುರುವಾಗುವುದು ಮೂರು ಗಂಟೆಗೆ.

ಮೂರು ಗಂಟೆಗೆ ಸಭಾಂಗಣದ ಕಿಟಕಿಗಳಿಗೆ ಕಪ್ಪು ಪರದೆ ಎಳೆದರು. ಹೊರಗೆ ಮಣಿಪಾಲದ ಬಿಸಿಲು, ಒಳಗೆ ಫ್ಯಾನುಗಳ ಸದ್ದು, ಪ್ರೊಜೆಕ್ಟರಿನ ಗುಂಯ್‌ಗುಟ್ಟುವಿಕೆ. ಪರದೆಯ ಮೇಲೆ ಹಿಮ ಬೀಳಲು ಶುರುವಾಯಿತು. ನಮ್ಮ ಕಡೆಯವರಿಗೆ ಹಿಮವೆಂದರೆ ಮಲ್ಪೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ ಇರುವಂಥದ್ದು. ಆಕಾಶದಿಂದ ಅದು ಇಷ್ಟು ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ ಇಳಿಯುವುದನ್ನು ನೋಡುತ್ತಿದ್ದಂತೆ ಸಭಾಂಗಣವೇ ಸ್ವಲ್ಪ ತಣ್ಣಗಾದಂತೆ ತೋರಿತು. ಟ್ರಾಮ್ ಓಡಿಸಿ ನಿವೃತ್ತನಾದ ಅಪ್ಪ, ಬೇರೆ ಪಟ್ಟಣದ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು. ಮಗಳು ಒಂದು ವಾರದ ರಜೆಯಲ್ಲಿ ಬಂದು ರೈಲಿನಿಂದ ಇಳಿಯುತ್ತಾಳೆ. ಅಪ್ಪ ಅವಳ ಪೆಟ್ಟಿಗೆ ಎತ್ತಿಕೊಂಡು ಮುಂದೆ ಹೊರಡುತ್ತಾನೆ, ಆದರೆ ಮುಖ ಅವಳ ಕಡೆಗೆ. ಅಂದರೆ ಹಿಮ್ಮುಖವಾಗಿ ನಡೆಯುತ್ತಾನೆ. ಸ್ವಲ್ಪ ದೂರ ಹೋದ ಮೇಲೆ ತಿರುಗಿಯಾನು ಎಂದು ನಾವೆಲ್ಲ ಕಾದೆವು. ತಿರುಗಲಿಲ್ಲ. ಮಾರುಕಟ್ಟೆಗೂ ಹಾಗೆಯೇ ಹೋದ, ಇಗರ್ಜಿಯ ಪ್ರಾರ್ಥನೆಗೂ ಹಾಗೆಯೇ ಹೋದ, ಮೆಟ್ಟಿಲನ್ನೂ ಹಾಗೆಯೇ ಹತ್ತಿದ. ಮಗಳು ಸಿಡಿಮಿಡಿಗೊಂಡು ‘ಕಂಬ’, ‘ನಾಯಿ’, ‘ಹೊಂಡ’ ಎಂದು ಒಂದೊಂದೇ ಮಾತಿನಲ್ಲಿ ಎಚ್ಚರಿಸುತ್ತಾಳೆ. ಅವಳು ಬಂದಾಗ ಮಾತ್ರ ಅವನ ನಡಿಗೆ ಹೀಗಾಗುತ್ತದೆ ಎಂದು ನೆರೆಯವರು ಹೇಳುತ್ತಾರೆ. ಯಾಕೆ ಎಂದು ಅವನು ಯಾರಿಗೂ ಹೇಳುವುದಿಲ್ಲ.

ನಾನು ಬದಿಯ ಸಾಲಿನ ಕುರ್ಚಿಯಲ್ಲಿ ಪುಸ್ತಕ, ಪೆನ್ನು ಹಿಡಿದು ಕೂತಿದ್ದೆ. ಸೌಮ್ಯ ಆಚೆ ಬದಿಯ ಬಾಗಿಲಿನ ಹತ್ತಿರ ಸ್ವಿಚ್ಚುಗಳ ಕೆಳಗೆ ನಿಂತಿದ್ದಳು. ಪರದೆಯ ಮೇಲೆ ಹಿಮ ಹೆಚ್ಚಾದಾಗಲೆಲ್ಲ ಆ ಬೆಳಕು ಅವಳ ಮುಖದ ಮೇಲೆ ಬೀಳುತ್ತಿತ್ತು. ಮೊದಲ ಹತ್ತು ನಿಮಿಷ ಎಲ್ಲರೂ ನಕ್ಕರು. ಆಮೇಲೆ ಎಡಬದಿಯವರು ನಕ್ಕರೆ ಬಲಬದಿಯವರು ಸುಮ್ಮನಿದ್ದರು. ಅರ್ಧ ಗಂಟೆಯಲ್ಲಿ ಕುರ್ಚಿಗಳು ಕಿರುಗುಟ್ಟತೊಡಗಿದವು. ನನ್ನ ಹಿಂದೆ ಕೂತವರು, “ಯಕ್ಷಗಾನದಲ್ಲಾದರೆ ಇಷ್ಟು ನಡೆಯುವುದಕ್ಕೆ ಒಂದು ತಾಳವಾದರೂ ಇರ್ತಿತ್ತು,” ಎಂದರು. ಎರಡನೆಯ ರೀಲು ಬದಲಿಸಲು ದೀಪ ಹಾಕಿದಾಗ ಹನ್ನೊಂದು ಮಂದಿ ಎದ್ದು ಹೋದರು. ಎಣಿಸುವುದು ನನ್ನ ವೃತ್ತಿ, ಎಣಿಸಿದೆ. ಆ ಹನ್ನೊಂದರಲ್ಲಿ ನನ್ನ ಹೆಂಡತಿಯ ಅಕ್ಕ, ಅಂದರೆ ಸೌಮ್ಯಳ ಕಾರ್ಕಳದ ದೊಡ್ಡಮ್ಮನೂ ಇದ್ದರು. ಉಡುಪಿಯಲ್ಲಿ ಮದುವೆಯ ಊಟ ಮುಗಿಸಿ, ಮಗಳಂಥವಳು ತಂದ ಸಿನಿಮಾ ಎಂದು ಪ್ರೀತಿಯಿಂದ ಬಂದವರು ಅವರು.

“ನನಗೆ ಕಾರ್ಕಳದ ಬಸ್ಸು ಉಂಟು ಮಾರಾಯ್ರೆ, ಇಲ್ಲದಿದ್ದರೆ ಕೂರ್ತಿದ್ದೆ,” ಎಂದರು ಸೆರಗು ಸರಿಪಡಿಸಿಕೊಳ್ಳುತ್ತ. “ಇದರಲ್ಲಿ ಅರ್ಥ ಆಗ್ಲಿಕ್ಕೆ ಎಂತ ಉಂಟು? ಅವನದ್ದು ಹರಕೆ. ಮಗಳಿಗೆ ಮದುವೆ ಆಗ್ಲಿ ಅಂತ ಹೇಳಿಕೊಂಡಿದ್ದಾನೆ. ಆಗುವವರೆಗೆ ಹೀಗೇ ನಡೀಬೇಕು. ನೋಡುವಾಗಲೇ ಗೊತ್ತಾಗುವುದಿಲ್ವಾ?”

ಹಿಮದ ದೇಶದಲ್ಲಿ ಹರಕೆ ಇರಲಾರದು ಎಂದು ಹೇಳಲು ನನ್ನಲ್ಲಿ ಆಧಾರವಿರಲಿಲ್ಲ. ‘ಕಾರ್ಕಳದ ಗೃಹಿಣಿ: ಹರಕೆ’ ಎಂದು ಬರೆದುಕೊಂಡೆ.

ಐದು ಗಂಟೆಗೆ ಚಿತ್ರ ಮುಗಿದು ಎಲ್ಲರೂ ಜಗಲಿಗೆ ಚಹಾಕ್ಕೆ ಬಂದಾಗ ಸಭೆ ಎರಡಾಗಿತ್ತು. ಇಂಥ ಅದ್ಭುತವನ್ನು ಈ ಊರಿಗೆ ಯಾರೂ ತಂದಿರಲಿಲ್ಲ ಎನ್ನುವವರು ಬೋಗನವಿಲ್ಲಾದ ಬದಿಗೆ, ಎರಡು ಗಂಟೆ ಹಾಳಾಯಿತು ಎನ್ನುವವರು ಸೈಕಲ್ ನಿಲ್ಲಿಸುವ ಬದಿಗೆ. ನಡುವೆ ಒಬ್ಬ ನರರೋಗದ ಡಾಕ್ಟರು ನಿಂತಿದ್ದರು.

“ಇದು ಸಣ್ಣ ಮೆದುಳಿನ ತೊಂದರೆ,” ಎಂದರು ಅವರು. “ಇಂಥ ಇಬ್ಬರನ್ನು ನಾನೇ ನೋಡಿದ್ದೇನೆ.”

“ಹಾಗಾದರೆ ಮಗಳ ಎದುರು ಮಾತ್ರ ಯಾಕೆ ಸಾರ್?” ಎಂದು ಯಾರೋ ಕೇಳಿದರು.

“ಅದೇ ಈ ರೋಗದ ಲಕ್ಷಣ,” ಎಂದು ಡಾಕ್ಟರು ಗೋಳಿಬಜೆ ಬಾಯಿಗೆ ಹಾಕಿಕೊಂಡರು.

ಸೌಮ್ಯ ಖಾಲಿ ಲೋಟಗಳ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಮುಖ ಬಾಡಿತ್ತು. “ಎಂತ ಬರೀತೀರಿ ಅಪ್ಪಾ?”

“ಆದದ್ದನ್ನು,” ಎಂದೆ. ವೃತ್ತಿಯಲ್ಲಿ ಕಲಿತ ಉತ್ತರ ಅದು.

“ಹನ್ನೊಂದು ಮಂದಿ ಎದ್ದು ಹೋದದ್ದನ್ನೂ ಬರೀರಿ. ಸಮಾಜದ ಅಧ್ಯಕ್ಷರು ನನ್ನ ಹತ್ತಿರ ಮಾತಾಡಲೇ ಇಲ್ಲ. ಪರವಾಗಿಲ್ಲ. ಆದರೆ ಮಗಳು ತಂದ ಸಿನಿಮಾವನ್ನು ಅಪ್ಪ ಪೇಪರಿನಲ್ಲಿ ಹೊಗಳಿದ ಅಂತ ಮಾತ್ರ ಆಗಬಾರದು. ಆಮೇಲೆ ಆ ಹಾಲಿಗೆ ನಾನು ಕಾಲಿಡ್ಲಿಕ್ಕುಂಟಾ?”

ನಗೆಯ ಅಲೆ ಆ ಹೊತ್ತಿಗೆ ಮುಖ್ಯ ಕಚೇರಿಯ ಮೇಜಿನ ಮೇಲೆ ಐದು ಗಂಟೆಗಳಿಂದ ಬಿದ್ದುಕೊಂಡಿತ್ತು. ಚಹಾ ಅರ್ಧಕ್ಕೇ ಬಿಟ್ಟು ಬಸ್ಸಿಗೆ ಓಡಿದೆ.

ಮಣಿಪಾಲದಿಂದ ಉಡುಪಿಗೆ ಇಳಿಯುವ ಸಿಟಿ ಬಸ್ಸಿಗೆ ಸಂಜೆ ಒಂದು ಬಗೆಯ ಮಂಪರು ಹಿಡಿದಿರುತ್ತದೆ. ಬಿಸಿಲು ಓರೆಯಾಗಿ ಕಿಟಕಿಯಿಂದ ಬಂದು ಎಲ್ಲರ ಮಡಿಲಲ್ಲೂ ಕೂರುತ್ತದೆ. ದೂರದಲ್ಲಿ ಕಡಲಿನ ಒಂದು ಬೆಳ್ಳಿಯ ಗೆರೆ ಕಂಡಂತಾಗುತ್ತದೆ, ಅಷ್ಟರಲ್ಲಿ ತಿರುವು ಬರುತ್ತದೆ. ಬಸ್ಸಿನ ಮುಂದೆ ಚಿತ್ರದ ಆ ಟೊಪ್ಪಿ ಹಾಕಿದ ಅಪ್ಪ ಪೆಟ್ಟಿಗೆ ಹಿಡಿದುಕೊಂಡು, ನಮ್ಮ ಕಡೆ ನೋಡುತ್ತ, ಇಳಿಜಾರಿನಲ್ಲಿ ಹಿಮ್ಮುಖವಾಗಿ ಹೋಗುತ್ತಿದ್ದಾನೆ ಎಂದು ನನಗೆ ಅನಿಸತೊಡಗಿತು. ಹಾರ್ನ್ ಹೊಡೆದರೂ ಸರಿಯುವವನಲ್ಲ. ಪಕ್ಕದಲ್ಲಿ ಕಾಪುವಿನ ಬಟ್ಟೆ ಅಂಗಡಿಯ ಹಮೀದರು ಕೂತಿದ್ದರು. ಅವರೂ ಚಿತ್ರಕ್ಕೆ ಬಂದಿದ್ದವರು. ಜಗಲಿಯಲ್ಲಿ ಎರಡೂ ಪಂಗಡಕ್ಕೆ ಸೇರದೆ ಒಬ್ಬರೇ ನಿಂತಿದ್ದರು. ಅವರಿಗೆ ಹೇಗನಿಸಿತು ಎಂದು ಕೇಳಿದೆ.

“ನನಗೆ ನಗು ಬರಲಿಲ್ಲ ಸಾರ್,” ಎಂದರು. “ನಾನು ಹನ್ನೆರಡು ವರ್ಷ ಗಲ್ಫಿನಲ್ಲಿದ್ದವ. ರಜೆ ಮುಗಿಸಿ ಹೊರಡುವಾಗ ಮನೆಯ ಬಾಗಿಲಿನಿಂದ ಕಾರಿನವರೆಗೆ ಹಾಗೇ ಹೋಗ್ತಿದ್ದೆ, ಮಕ್ಕಳ ಮುಖ ನೋಡಿಕೊಂಡು. ತಿರುಗಿದರೆ ಅಷ್ಟು ಹೊತ್ತು ಕಡಿಮೆ ಆಗ್ತದೆ ಅಲ್ವಾ?” ಕಿಟಕಿಯ ಹೊರಗೆ ನೋಡುತ್ತ, “ಒಂದು ಸಲ ಚರಂಡಿಗೆ ಬಿದ್ದದ್ದೂ ಉಂಟು. ಮಗಳು ಈಗಲೂ ಹೇಳಿ ನಗಾಡ್ತಾಳೆ,” ಎಂದರು. ನಾನು ಪುಸ್ತಕ ತೆರೆದೆ. ಬಸ್ಸಿನ ಕುಲುಕಾಟದಲ್ಲಿ ಅಕ್ಷರಗಳು ಎಲ್ಲೆಲ್ಲಿಗೋ ಹೋದವು.

ಕಚೇರಿಗೆ ಬಂದು ಮುಖ್ಯ ಕಚೇರಿಯ ಉಪಸಂಪಾದಕರಿಗೆ ಫೋನ್ ಮಾಡಿ, ಮಧ್ಯಾಹ್ನದ ವರದಿ ಹಾಕಬೇಡಿ, ಬೇರೆ ಕಳುಹಿಸುತ್ತೇನೆ ಎಂದೆ.

“ಇದೆಂತ ಮಾರಾಯ್ರೆ?” ಎಂದರು ಅವರು. “ಹನ್ನೆರಡು ಗಂಟೆಗೆ ಎಲ್ಲರೂ ನಕ್ಕಿದ್ದರಲ್ಲ?”

“ಆರು ಗಂಟೆಗೆ ಅರ್ಧ ಜನ ನಗುತ್ತಿಲ್ಲ.”

“ಪುಟ ಕಟ್ಟಿ ಆಯಿತು. ಹದಿನೆಂಟೇ ಸಾಲು ಇರಬೇಕು. ಒಂದು ಸಾಲು ಹೆಚ್ಚಾದರೆ ಹಳೆಯದೇ ಹೋಗ್ತದೆ, ನಿಮ್ಮ ಜನ ನಕ್ಕದ್ದೇ ಆಗ್ತದೆ, ನೋಡಿ.”

ಬರೆದೆ. ಇಷ್ಟಪಟ್ಟವರಿಗೆ ಆರು ಸಾಲು, ಪಡದವರಿಗೆ ಆರು ಸಾಲು, ಎದ್ದು ಹೋದ ಹನ್ನೊಂದು ಮಂದಿ, ಹರಕೆ, ಸಣ್ಣ ಮೆದುಳು, ಹಮೀದರ ಕಾರು. ಕೊನೆಯಲ್ಲಿ ಅರ್ಧ ಸಾಲಿನ ಜಾಗ ಉಳಿಯಿತು. ‘ಚಿತ್ರವನ್ನು ಕು. ಸೌಮ್ಯ ಆಯ್ಕೆ ಮಾಡಿದ್ದರು’ ಎಂದು ತುಂಬಿಸಿದೆ. ಅದು ಮೆಚ್ಚುಗೆಯೋ ಆರೋಪವೋ ಎಂಬುದನ್ನು ಓದುಗರಿಗೇ ಬಿಟ್ಟೆ.

ಸೋಮವಾರ ಬೆಳಿಗ್ಗೆ ಅವಳು ಆ ಹದಿನೆಂಟು ಸಾಲನ್ನು ಮೂರು ಸಲ ಓದಿದಳು. ಎಂಟು ಗಂಟೆಗೆ ಚಿತ್ರ ಸಮಾಜದ ಅಧ್ಯಕ್ಷರ ಫೋನ್ ಬಂತು. ಪೇಪರು ಓದಿ ಬಹಳ ಜನ ಫೋನ್ ಮಾಡುತ್ತಿದ್ದಾರಂತೆ. ಕೆಲವರಿಗೆ ಬೈಯಲಿಕ್ಕೆ, ಹೆಚ್ಚಿನವರಿಗೆ ಇನ್ನೊಂದು ಪ್ರದರ್ಶನ ಉಂಟಾ ಎಂದು ಕೇಳಲಿಕ್ಕೆ. ರೀಲಿನ ಪೆಟ್ಟಿಗೆ ಮಂಗಳವಾರ ವಾಪಸು ಹೋಗಬೇಕು. ಇವತ್ತೇ ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ಹಾಕುವುದು, ಮುಂದಿನ ತಿಂಗಳಿನದ್ದನ್ನೂ ನೀನೇ ನೋಡಿ ಆರಿಸು ಎಂದರಂತೆ. ಸೌಮ್ಯ “ಆಯಿತು ಸಾರ್,” ಎಂದು ಎಷ್ಟು ಶಾಂತವಾಗಿ ಹೇಳಿದಳೆಂದರೆ, ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಓಡಿ ಅಮ್ಮನ ಸೊಂಟ ಹಿಡಿದು ತಿರುಗಿಸಿದ್ದು ಬೇರೆ ಯಾರೋ ಎನ್ನಬೇಕು.

ಮತ್ತೆ ಫೋನ್ ಬಡಿಯಿತು. ಈ ಸಲ ಎತ್ತಿದ್ದು ನಾನು. ಕಾರ್ಕಳದ ದೊಡ್ಡಮ್ಮ.

“ಗೃಹಿಣಿಯೊಬ್ಬರು ಅಂತ ಬರೆದದ್ದು ನನ್ನನ್ನೇ ಅಲ್ವಾ? ನನಗೆ ಹೆಸರಿಲ್ವಾ?” ಎಂದು ಶುರು ಮಾಡಿದರು. ಕ್ಷಮೆ ಕೇಳಿದೆ. “ಅದಿರಲಿ ಮಾರಾಯ್ರೆ, ನಿನ್ನೆ ರಾತ್ರಿ ನಿದ್ದೆ ಇಲ್ಲ ನನಗೆ. ಆ ಮನುಷ್ಯ ಕೊನೆಗೆ ತಿರುಗಿದನಾ? ಅವಳು ಊರಿಗೆ ಹೊರಡುವಾಗ ಎಂತ ಮಾಡಿದ?”

ನಾನು ರಿಸೀವರ್ ಹಿಡಿದುಕೊಂಡು ನಿಂತೆ. ಮಾರುಕಟ್ಟೆ ನೆನಪಾಯಿತು, ಇಗರ್ಜಿ ನೆನಪಾಯಿತು, ಆಮೇಲೆ ಹಿಮ, ಹಿಮ, ಹಿಮದ ಬೆಳಕು. ಸೌಮ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. “ಒಂದು ನಿಮಿಷ,” ಎಂದು ಅವಳ ಕೈಗೆ ಕೊಟ್ಟೆ.

“ಅದನ್ನು ಹೇಳ್ಲಿಕ್ಕಿಲ್ಲ ದೊಡ್ಡಮ್ಮ,” ಎಂದಳು ಅವಳು. “ಸಂಜೆ ನಾಲ್ಕಕ್ಕೆ ಪುನಃ ಉಂಟು, ಬನ್ನಿ. ಇಲ್ಲೇ ಉಳಿಯುವ ಹಾಗೆ ಬನ್ನಿ.” ಫೋನ್ ಇಟ್ಟು ನನ್ನ ಕಡೆ ತಿರುಗಿದಳು. “ನಿಮಗೆ ಗೊತ್ತಿಲ್ಲ ಅಲ್ವಾ? ನಿದ್ದೆ ಮಾಡಿದ್ರಾ?”

“ನಿದ್ದೆ ಅಲ್ಲ,” ಎಂದೆ. “ನೀನು ಬಾಗಿಲ ಹತ್ತಿರ ನಿಂತಿದ್ದೆಯಲ್ಲ. ಯಾರಾದರೂ ಎದ್ದರೆ ನಿನ್ನ ಮುಖ ಸಣ್ಣಗಾಗುತ್ತಿತ್ತು, ಯಾರಾದರೂ ನಕ್ಕರೆ ಅರಳುತ್ತಿತ್ತು. ನಾನು ಅದನ್ನೇ ನೋಡುತ್ತಾ ಕೂತೆ. ಆಮೇಲೆ ಪರದೆಯ ಕಡೆಗೆ ತಿರುಗಲು ಆಗಲಿಲ್ಲ.”

ನಾನು ಮಧ್ಯಾಹ್ನದ ಫ್ಯಾಕ್ಸಿನ ವಿಷಯವನ್ನೂ ಹೇಳಿಬಿಟ್ಟೆ, ನಗೆಯ ಅಲೆಯ ಸಮೇತ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸುವುದು ಕಷ್ಟ.

“ಅಂದರೆ,” ಎಂದಳು ಅವಳು, ವಾದವನ್ನು ಬೆರಳಲ್ಲಿ ಎಣಿಸುತ್ತ, “ಮೊದಲನೆಯದನ್ನು ಬರೆದದ್ದೂ ಸಿನಿಮಾ ನೋಡದೆ, ಎರಡನೆಯದನ್ನು ಬರೆದದ್ದೂ ಸಿನಿಮಾ ನೋಡದೆ!” ಆಮೇಲೆ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ, ಗೋಡೆಗೆ ಆತುಕೊಂಡು ನಕ್ಕಳು. “ಸಂಜೆ ಬನ್ನಿ. ಮುಂದಿನ ಸಾಲಿನಲ್ಲಿ ಕೂರಿಸ್ತೇನೆ. ನಾನು ಹೊರಗೆ ಜಗಲಿಯಲ್ಲಿರ್ತೇನೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ.”

ಹೋದೆ. ಹಮೀದರು ಈ ಸಲ ಮಗಳನ್ನೂ ಕರೆದುಕೊಂಡು ಬಂದಿದ್ದರು. ದೊಡ್ಡಮ್ಮ ನನ್ನ ಪಕ್ಕದಲ್ಲೇ ಕೂತು, ಹರಕೆಯ ಪ್ರತಿ ಹಂತವನ್ನೂ ವಿವರಿಸಿದರು. ಮೊದಲಿನಿಂದ ಕೊನೆಯವರೆಗೆ ಕಣ್ಣು ಕದಲಿಸದೆ ನೋಡಿದೆ. ಆ ಮನುಷ್ಯ ತಿರುಗಿದನೋ ಇಲ್ಲವೋ ಎಂಬುದನ್ನು ಮಗಳು ದೊಡ್ಡಮ್ಮನಿಗೆ ಹಾಕಿದ ನಿಯಮದಂತೆ ಇಲ್ಲಿ ಹೇಳುವಂತಿಲ್ಲ. ಅದೇ ಹೊತ್ತಿಗೆ ಸಂತೆಕಟ್ಟೆಯಲ್ಲಿ ಸಂಘವೊಂದರ ಹೊಸ ಕಟ್ಟಡದ ಉದ್ಘಾಟನೆ ಇತ್ತು, ಮತ್ತು ಅದರ ವರದಿ ನನ್ನ ಪಾಲಿಗೆ ಬಂದಿತ್ತು. ಆ ಸಮಾರಂಭ ಬಹಳ ಅಚ್ಚುಕಟ್ಟಾಗಿ ನಡೆಯಿತೆಂದು, ಅಪಾರ ಸಂಖ್ಯೆಯಲ್ಲಿ ಜನ ಸೇರಿದ್ದರೆಂದು ಮರುದಿನ ನನ್ನದೇ ಪತ್ರಿಕೆಯಲ್ಲಿ, ನಾನೇ ಬರೆದ ವರದಿಯಲ್ಲಿ ಓದಿ ತಿಳಿದುಕೊಂಡೆ.